ಶೋಕಕ್ಕೊಂದು ತಾವು

ಮಹಾಮಾರಿಯ ಎರಡು ವರ್ಷಗಳನ್ನು ನಮ್ಮ ಜಿಲ್ಲೆ ಮೆಲ್ಲಮೆಲ್ಲನೆ ಮರೆಯುತ್ತ ಬಂದಿದೆ. 2020ರ ಮೇ ತಿಂಗಳಿನಲ್ಲಿ, ಮುಂಬಯಿ ಪುಣೆಗಳಿಗೆ ಗುಳೆ ಹೋಗಿದ್ದ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ದುಡಿಯುವ ಜನರು ತಲೆಯ ಮೇಲೆ ಗಂಟನ್ನೂ ಕಂಕುಳಲ್ಲಿ ಕೂಸನ್ನೂ ಹೊತ್ತು ಮರಳಿ ಬಂದು, ತಮ್ಮ ಮನೆಯ ಹೊಸ್ತಿಲನ್ನು ದಾಟುವ ಮೊದಲು ಶಾಲೆಗಳಲ್ಲಿಯೂ ವಸತಿನಿಲಯಗಳಲ್ಲಿಯೂ ದಿನಗಳನ್ನೆಣಿಸುತ್ತ ಕುಳಿತಿದ್ದುದನ್ನು ನಾವು ಕಂಡಿದ್ದೇವೆ. ಅವರಲ್ಲಿ ಕೆಲವರೂ, ಊರನ್ನು ಬಿಟ್ಟು ಎಲ್ಲಿಗೂ ಹೋಗದಿದ್ದ ಹಲವರೂ, ಆ ವರ್ಷವೂ ಮರುವರ್ಷವೂ ಕಾಯಿಲೆ ಬಿದ್ದು ತೀರಿಕೊಂಡಾಗ, ಅವರ ಮುಖವನ್ನು ಕಡೆಯದಾಗಿ ಕಾಣುವ ಅವಕಾಶವೂ ಹೆತ್ತವರಿಗೂ ಮಕ್ಕಳಿಗೂ ಇಲ್ಲದಂತೆ, ಮುಚ್ಚಿದ ಚೀಲದೊಳಗೆ, ಅಪರಿಚಿತರ ಕೈಗಳಿಂದ ಅವರು ಮಣ್ಣು ಸೇರಿದುದನ್ನೂ ಕಂಡಿದ್ದೇವೆ. 2020ರ ಜೂನ್ ತಿಂಗಳ ಕೊನೆಯಲ್ಲಿ ಬಳ್ಳಾರಿಯಲ್ಲಿ ಹಲವು ಶವಗಳನ್ನು ಒಂದೇ ಗುಂಡಿಯೊಳಕ್ಕೆ ಎಸೆದ ದೃಶ್ಯ ನಾಡಿನ ತುಂಬ ಹರಡಿ, ಅಲ್ಲಿಯ ಜಿಲ್ಲಾಡಳಿತ ಕ್ಷಮೆ ಯಾಚಿಸಬೇಕಾಯಿತು. ಅದರ ಬೆನ್ನಿಗೇ ನಮ್ಮ ಜಿಲ್ಲೆಯಿಂದಲೂ ಮೃತನೊಬ್ಬನ ದೇಹವನ್ನು ಗುಂಡಿಯತ್ತ ಎಳೆದೊಯ್ಯುವ ದೃಶ್ಯ ಹೊರಬಂದು ನಾವೆಲ್ಲರೂ ತಲೆ ತಗ್ಗಿಸಿದೆವು. 2021ರ ಜೂನ್‌ನಲ್ಲಿ, ಯಾರೂ ಒಯ್ಯದೆ ಬೆಂಗಳೂರಿನ ಚಿತಾಗಾರಗಳಲ್ಲಿ ಉಳಿದಿದ್ದ ನೂರಾರು ಮಂದಿಯ ಅಸ್ಥಿಯನ್ನು ಸರಕಾರವೇ ಮಂಡ್ಯ ಜಿಲ್ಲೆಯ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಕರ್ನಾಟಕದಲ್ಲಿ ಈ ರೋಗಕ್ಕೆ ಬಲಿಯಾದವರ ಸಂಖ್ಯೆ ಸರಕಾರದ ಲೆಕ್ಕದಂತೆಯೇ 40,000ವನ್ನು ದಾಟಿದೆ.

ಇಷ್ಟು ಜನರ ಮರಣ ಕಡತದಲ್ಲಿ ಅಂಕಿಯಾಗಿ ಉಳಿದಿದೆ; ಕಾಲಿಟ್ಟು ನಿಲ್ಲಬಹುದಾದ ನೆಲವಾಗಿ ನಮ್ಮಲ್ಲಿ ಎಲ್ಲಿಯೂ ಉಳಿದಿಲ್ಲ. ಹಿಡಿ ಮಣ್ಣು ಹಾಕುವುದು, ಮೂರನೆಯ ದಿನ ಹಾಲು ತುಪ್ಪ ಬಿಡುವುದು, ನೆಂಟರಿಷ್ಟರು ಬಂದು ಅಂಗಳದಲ್ಲಿ ಕುಳಿತು ಸತ್ತವರ ಗುಣವನ್ನು ಹೇಳಿಕೊಂಡು ಅಳುವುದು, ಇವೆಲ್ಲವೂ ಶೋಕವನ್ನು ಮನುಷ್ಯನ ಎದೆಯಿಂದ ಊರಿನ ಎದೆಗೆ ಇಳಿಸುವ ಕ್ರಮಗಳು. ಆ ಕ್ರಮಗಳೊಂದೂ ನಡೆಯದೆ ಹೋದವರ ದುಃಖ ಇನ್ನೂ ಅವರವರ ಮನೆಯೊಳಗೇ ಬಾಗಿಲು ಹಾಕಿಕೊಂಡು ಕುಳಿತಿದೆ. ಆದುದರಿಂದ ಯಾದಗಿರಿ ಜಿಲ್ಲೆಯಲ್ಲಿ ಅಂಥವರಿಗಾಗಿ ಒಂದು ಸ್ಮರಣೆಯ ತಾವು ಆಗಬೇಕೆಂದೂ, ಅದು ಪೇಟೆಯ ನಡುವಣ ವೃತ್ತದಲ್ಲಿ ಅಲ್ಲದೆ ಬೆಟ್ಟದ ಬುಡದಲ್ಲಿ, ಬಯಲಿನಲ್ಲಿ, ಆಕಾಶದ ಕೆಳಗೆ ಆಗಬೇಕೆಂದೂ, ಅದನ್ನು ರಚಿಸುವ ಬಗೆಯನ್ನು ಈ ನೆಲದಿಂದಲೇ ಕಲಿಯಬೇಕೆಂದೂ ನಾನು ಈ ಲೇಖನದಲ್ಲಿ ಬಿನ್ನವಿಸುತ್ತೇನೆ.

ಕಲಿಯುವುದಕ್ಕೆ ನಮ್ಮಲ್ಲಿ ಇರುವಷ್ಟು ಪಾಠಗಳು ದಕ್ಷಿಣ ಭಾರತದ ಬೇರೆಡೆಗಳಲ್ಲಿ ವಿರಳ. ಹುಣಸಗಿಯ ಕಣಿವೆ, ಆದಿಮಾನವನು ಕಲ್ಲಿನ ಆಯುಧಗಳನ್ನು ಮಾಡಿಕೊಂಡಿದ್ದ ತಾಣವೆಂದು ಜಗತ್ತಿನ ಪುರಾತತ್ತ್ವಜ್ಞರಿಗೆಲ್ಲ ಪರಿಚಿತವಾದುದು. ಅಲ್ಲಿ ತಮ್ಮ ಜೀವಮಾನವನ್ನೇ ಸವೆಸಿದ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಉತ್ಖನನ ನಡೆಸಿ, ಸುಮಾರು 4,000 ವರ್ಷಗಳ ಹಿಂದೆ ದನ ಸಾಕಿ ಬದುಕುತ್ತಿದ್ದ ನವಶಿಲಾಯುಗದ ಜನರ ಬೂದಿಗುಡ್ಡವನ್ನೂ ಅದರ ಮಗ್ಗುಲಿನ ವಸತಿಯನ್ನೂ ಬೆಳಕಿಗೆ ತಂದರು. ಅಲ್ಲಿ ಎಳೆಯ ಮಕ್ಕಳನ್ನು ಮಡಕೆಗಳಲ್ಲಿಟ್ಟು ಹುಗಿದ ಕುರುಹುಗಳು ದೊರೆತಿವೆ. ಆ ಮಕ್ಕಳನ್ನು ದೂರದ ಕಾಡಿಗೆ ಒಯ್ಯದೆ ತಾವು ಉಣ್ಣುವ, ಉಡುವ, ಮಲಗುವ ನೆಲದಲ್ಲಿಯೇ ಇರಿಸಿಕೊಂಡ ತಾಯಂದಿರ ಮನಸ್ಸನ್ನು ಅರಿಯಲು ಶಾಸ್ತ್ರಜ್ಞಾನವೇನೂ ಬೇಕಾಗಿಲ್ಲ.

ಅದಕ್ಕೆ ಈಚಿನ ಬೃಹತ್ ಶಿಲಾಯುಗದ ಗೋರಿಗಳು ರಾಜನಕೋಳೂರಿನಲ್ಲಿವೆ. ನಿಲ್ಲಿಸಿದ ದೊಡ್ಡ ಚಪ್ಪಡಿಗಳ ಮೇಲೆ ಮತ್ತೊಂದು ಚಪ್ಪಡಿಯನ್ನು ಹೊದಿಸಿ ಕಟ್ಟಿದ, ಕೆಲವಕ್ಕೆ ಒಂದು ಪಕ್ಕದ ಕಲ್ಲಿನಲ್ಲಿ ದುಂಡನೆಯ ರಂಧ್ರವನ್ನು ಕೊರೆದ ಈ ಕಲ್ಮನೆಗಳನ್ನು ಕುಳ್ಳಜನರು ವಾಸಿಸುತ್ತಿದ್ದ ಮೋರ್ಯರ ಮನೆಗಳೆಂದು ನಮ್ಮ ಭಾಗದ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ; ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇಂಥವು ನೂರಾರು ಇದ್ದು, ಆ ಬೆಟ್ಟ 2021ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ಆ ದುಂಡು ರಂಧ್ರವನ್ನು ಆತ್ಮ ಹೋಗಿಬರಲೆಂದು ಮಾಡಿದರೋ, ಸತ್ತವರಿಗೆ ಎಡೆ ನೀಡಲೆಂದು ಮಾಡಿದರೋ, ಅಂತೂ ಬದುಕಿದವರ ಲೋಕಕ್ಕೂ ಅಳಿದವರ ಲೋಕಕ್ಕೂ ನಡುವೆ ಗೋಡೆಯನ್ನು ಪೂರ್ತಿಯಾಗಿ ಮುಚ್ಚಲು ಅವರಿಗೆ ಮನಸ್ಸಾಗಲಿಲ್ಲ. ಶಿಲ್ಪಿಯೊಬ್ಬನು ಸಾವಿರ ಮಾತಿನಲ್ಲಿ ಹೇಳಲಾರದುದನ್ನು ಆ ಒಂದು ರಂಧ್ರ ಹೇಳುತ್ತದೆ.

ಶಹಾಪುರದ ಸಮೀಪದ ವಿಭೂತಿಹಳ್ಳಿಯದು ಇನ್ನೊಂದು ಬಗೆ. ಅಲ್ಲಿ ಗೋಡೆಯಿಲ್ಲ, ಚಾವಣಿಯಿಲ್ಲ. ಬಯಲಿನಲ್ಲಿ ಬಂಡೆಗಳನ್ನು ಸಮಾನ ಅಂತರದಲ್ಲಿ, ಸಾಲಿಗೆ ಸಾಲು ಕೂಡಿಬರುವಂತೆ ಇರಿಸಿದ್ದಾರೆ, ಅಷ್ಟೆ. ಕೊಡೇಕಲ್ಲಿನ ಕಡೆಯ ಹಣಮಸಾಗರದಲ್ಲಿ ಇಂತಹ ಕಲ್ಲುಗಳು 2,500ರ ಸಮೀಪ ಇವೆಯೆಂದು ವಿದ್ವಾಂಸರು ಎಣಿಸಿದ್ದಾರೆ. ಇವು ಶವಸಂಸ್ಕಾರಕ್ಕೆ ಸಂಬಂಧಿಸಿದವೆಂದು ಕೆಲವರೂ, ಸೂರ್ಯನ ಉದಯಾಸ್ತಗಳನ್ನು ಗುರುತಿಸಲು ಇರಿಸಿದವೆಂದು ಕೆಲವರೂ ವಾದಿಸಿದ್ದಾರೆ; ನನಗಾದರೋ ಈ ಎರಡು ಮಾತುಗಳಲ್ಲಿ ವಿರೋಧ ಕಾಣದು, ಏಕೆಂದರೆ ತನ್ನವರನ್ನು ಕಳೆದುಕೊಂಡ ಮನುಷ್ಯನು ಮತ್ತೆ ಮತ್ತೆ ಬರುವ ಸೂರ್ಯನ ಕಡೆಗೆ ನೋಡಿ ಸಮಾಧಾನವನ್ನು ಅರಸುವುದು ಯಾವ ಕಾಲಕ್ಕೂ ಸಹಜವಾದುದು. ಆ ಸಾಲುಗಳ ನಡುವೆ ನಡೆದವನಿಗೆ ಒಂದು ವಿಷಯ ತಾನಾಗಿ ಹೊಳೆಯುತ್ತದೆ: ಅಲ್ಲಿ ನೋಡಬೇಕಾದುದು ಯಾವುದೋ ಒಂದು ವಸ್ತುವಲ್ಲ, ನಡೆಯುವುದೇ ಅಲ್ಲಿಯ ಕ್ರಿಯೆ. ಹೆಜ್ಜೆ ಇಟ್ಟಂತೆ ಕಲ್ಲುಗಳು ಒಮ್ಮೆ ನೇರ ಸಾಲಾಗಿಯೂ ಒಮ್ಮೆ ಓರೆ ಸಾಲಾಗಿಯೂ ಕೂಡಿ, ಚೆದುರಿ, ಮತ್ತೆ ಕೂಡುತ್ತವೆ. ಕಣ್ಣು ಆ ಕಡೆಗೆ ಹರಿದಷ್ಟು ಹೊತ್ತು ಮನಸ್ಸು ತನ್ನ ಭಾರವನ್ನು ಕೆಳಗಿಡುತ್ತದೆ. ಹಲವು ಕಲ್ಲುಗಳು ಈಗ ಸ್ಥಳ ಬಿಟ್ಟು ಸರಿದಿವೆ. ವಿಭೂತಿಹಳ್ಳಿ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ತಾಣ. ಆದರೂ ಜಿಲ್ಲೆಯ ಎಷ್ಟು ಶಾಲೆಗಳ ಮಕ್ಕಳು ಅದನ್ನು ಕಂಡಿದ್ದಾರೆ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಈ ಕಲ್ಲುಗಳನ್ನು ಮೊದಲು ಅಳೆದು, ಅಗೆದು, ಚಿತ್ರಿಸಿ, ವಿದ್ವತ್ಪತ್ರಿಕೆಗಳಲ್ಲಿ ಬರೆದವನು 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡಿದ್ದ ಕರ್ನಲ್ ಮೆಡೋಸ್ ಟೇಲರ್. ಅವನು ಇವುಗಳನ್ನು ಐರೋಪ್ಯರ ಪೂರ್ವಜರಿಗೆ ಜೋಡಿಸಲು ಯತ್ನಿಸಿದ್ದು ಆ ಕಾಲದ ಭ್ರಮೆ; ಆದರೆ ಅವನ ಅಳತೆಗಳು ಶ್ರದ್ಧೆಯವು, ಆ ಶ್ರದ್ಧೆ ಇಂದಿಗೂ ಗೌರವಕ್ಕೆ ಪಾತ್ರವಾದುದು. ಇತರರ ಗೋರಿಗಳನ್ನು ಹೀಗೆ ಅಳೆದ ಅವನಿಗೆ ಒದಗಿದ ಶೋಕವೂ ಈ ನೆಲದ್ದೇ. ಅವನ ಕಣ್ಣೆದುರು ಬಾಲಕನಾಗಿ ಬೆಳೆದು, ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ ರಾಜಾ ವೆಂಕಟಪ್ಪನಾಯಕನು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೋತು, ಹೈದರಾಬಾದಿನಲ್ಲಿ ಸೆರೆಯಾಗಿ, ಮರಣದಂಡನೆ ತಗ್ಗಿ ನಾಲ್ಕು ವರ್ಷಗಳ ಸೆರೆವಾಸವಾಗಿ, ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುತ್ತಿದ್ದಾಗ ದಾರಿಯಲ್ಲಿಯೇ ಗುಂಡಿನಿಂದ ಪ್ರಾಣ ಬಿಟ್ಟನು. ಸೆರೆಯಲ್ಲಿ ಆ ತರುಣನನ್ನು ಕಂಡುದನ್ನು ಟೇಲರ್ ತನ್ನ ಆತ್ಮಚರಿತ್ರೆಯಲ್ಲಿ ಬರೆದಿರುವ ಪುಟಗಳು ಅಧಿಕಾರಿಯೊಬ್ಬನ ಬರವಣಿಗೆಯಾಗಿಲ್ಲ. ಮಗನನ್ನು ಕಳೆದುಕೊಂಡವನ ಬರವಣಿಗೆಯಾಗಿವೆ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. ಊರಿಗೆ ಮರಳದೆ ದಾರಿಯಲ್ಲಿ ಸತ್ತ ಅರಸನ ದುಃಖವನ್ನು ಸುರಪುರ ಬಲ್ಲುದಾದ್ದರಿಂದ, ಊರಿಗೆ ಮರಳದೆ ದಾರಿಯಲ್ಲಿ ಸತ್ತ ಕೂಲಿಯವನ ದುಃಖವೂ ಅದಕ್ಕೆ ಪರಕೀಯವಾಗಬಾರದು.

ಇನ್ನು ಅರಸರ ಗೋರಿಗಳ ಮಾತು. ವಿಜಯಪುರದ ಗೋಳಗುಮ್ಮಟವನ್ನು ನೋಡದ ಕನ್ನಡಿಗನಿಲ್ಲ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಆ ಸಮಾಧಿಯ ಗುಮ್ಮಟ ಒಳಗಡೆ ಸುಮಾರು 38 ಮೀಟರು ಅಗಲವಾಗಿದ್ದು, ಅಲ್ಲಿಗೆ ಹೋದವರು ಅದರ ಪ್ರತಿಧ್ವನಿಯನ್ನು ಕೇಳಿ ಬೆರಗಾಗಿ ಬರುತ್ತಾರೆ, ಕೆಳಗೆ ಮಲಗಿದವನನ್ನು ನೆನೆದವರು ಅಪರೂಪ. ಆ ವಂಶದ ಮೂಲಪುರುಷನಾದ ಯೂಸುಫ್ ಆದಿಲ್ ಶಾಹನಾದರೋ ನಮ್ಮ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ತಾನು ನಂಬಿದ್ದ ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾದ ಆಶ್ರಯದಲ್ಲಿ ಮಲಗಿದ್ದಾನೆ. ಅವನ ಮಗ ಇಸ್ಮಾಯಿಲನೂ, 1558ರಲ್ಲಿ ತೀರಿಕೊಂಡ ಮೊದಲನೆಯ ಇಬ್ರಾಹಿಮನೂ ಅಲ್ಲಿಯೇ ಇದ್ದಾರೆ. ರಾಜ್ಯ ಸ್ಥಾಪಿಸಿದವರು ಗುರುವಿನ ಪಾದದ ಬಳಿ ಸರಳವಾದ ನೆಲವನ್ನು ಬಯಸಿದರು, ಕಟ್ಟಿದ ರಾಜ್ಯವನ್ನು ಉಂಡವರು ಗುಮ್ಮಟಗಳನ್ನು ಬಯಸಿದರು. ಸ್ಮಾರಕಗಳನ್ನು ಕಟ್ಟಲು ಹೊರಟ ಪ್ರತಿಯೊಬ್ಬ ಅಧಿಕಾರಿಯನ್ನೂ ಮೊದಲು ಗೋಗಿಗೆ ಕರೆದೊಯ್ಯಬೇಕು ಎಂದು ನನಗೆ ಅನಿಸುತ್ತದೆ.

ಇದೇ ಸೀಮೆ ಇನ್ನೊಬ್ಬ ಚಕ್ರವರ್ತಿಯ ಕಡೆಯ ದಿನಗಳನ್ನೂ ಕಂಡಿದೆ. ಔರಂಗಜೇಬನು ತಾನೇ ಮುಂದೆ ನಿಂತು ನಡೆಸಿದ ಕಡೆಯ ಮುತ್ತಿಗೆ 1705ರಲ್ಲಿ, ಸುರಪುರದ ಪಿಡ್ಡನಾಯಕನ ವಾಗಣಗೇರಾ ಕೋಟೆಯ ಮೇಲೆ. ಕೋಟೆ ಕೈಗೆ ಬಂದಿತು, ಆದರೆ ನಾಯಕ ಸಿಕ್ಕಲಿಲ್ಲ. ಮುದಿ ಚಕ್ರವರ್ತಿ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟು ಅಲ್ಲಿಯೇ ಕಾಯಿಲೆ ಬಿದ್ದನು. 1707ರಲ್ಲಿ ಅಹಮದನಗರದಲ್ಲಿ ಅವನು ತೀರಿಕೊಂಡಾಗ, ಅವನ ಇಚ್ಛೆಯಂತೆ ಖುಲ್ದಾಬಾದಿನ ಸಂತರ ಸಮಾಧಿಯ ಅಂಗಳದಲ್ಲಿ, ಮೇಲೆ ಚಾವಣಿಯಿಲ್ಲದ, ಮಣ್ಣಿನಲ್ಲಿ ಗಿಡ ಬೆಳೆಯುವ ಬರಿಯ ಗೋರಿ ಅವನಿಗಾಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವೈಸರಾಯ್ ಕರ್ಜನ್ ಅದನ್ನು ಕಂಡು, ಇಷ್ಟು ದೊಡ್ಡ ಅರಸನಿಗೆ ಇಷ್ಟು ಸಣ್ಣ ಗೋರಿಯೇ ಎಂದೆಣಿಸಿ, ಅಮೃತಶಿಲೆಯ ಆವರಣವನ್ನು ಮಾಡಿಸಿದನು. ಆ ಅರಸನ ಆಳಿಕೆಯ ಬಗ್ಗೆ ನಾವು ಏನೇ ಹೇಳಿಕೊಳ್ಳಲಿ, ಸತ್ತವನು ತನಗೆ ಬೇಡವೆಂದುದನ್ನು ಬದುಕಿದವರು ಅವನ ಮೇಲೆ ಹೇರುವುದು ಮಾತ್ರ ತಪ್ಪು. ಬಿಟ್ಟುಕೊಟ್ಟ ಬಯಲನ್ನು ಬಯಲಾಗಿಯೇ ಬಿಡಲು ಅಧಿಕಾರಕ್ಕೆ ಎಂದೂ ಬಾರದು.

ಸರಳತೆ ಎಂದರೆ ಬಡತನ ಎಂದು ಯಾರೂ ತಿಳಿಯಬಾರದು. ಭೀಮಾತೀರದಲ್ಲಿ, ನಮ್ಮ ಜಿಲ್ಲೆಯ ಗಡಿಗೆ ಅನತಿದೂರದಲ್ಲಿರುವ ಸನ್ನತಿಯ ಮಗ್ಗುಲಿನ ಕನಗನಹಳ್ಳಿಯ ಮಹಾಸ್ತೂಪ, ಸುಣ್ಣದಕಲ್ಲಿನ ಮೇಲೆ ಕೆತ್ತಿದ ನೂರಾರು ಚಿತ್ರಗಳಿಂದ ತುಂಬಿದ್ದುದು. ಅಶೋಕನ ಹೆಸರನ್ನು ಬರೆದ ಅವನ ಶಿಲ್ಪವೇ ಅಲ್ಲಿ ದೊರೆತಿದೆ. ಆದರೆ ಆ ಸ್ತೂಪದ ಮೂಲಕಲ್ಪನೆ ಧಾತುವಿನ ಮೇಲೆ ಕಟ್ಟಿದ ಒಂದು ದಿಬ್ಬ, ಅದರ ಸುತ್ತ ಒಂದು ಪ್ರದಕ್ಷಿಣಪಥ. ವಿಭೂತಿಹಳ್ಳಿಯಲ್ಲಿ ಕಂಡ ನಡಿಗೆಯೇ ಇಲ್ಲಿ ವೃತ್ತಾಕಾರವನ್ನು ತಾಳಿದೆ. ಕನ್ನಡ ನಾಡಿನ ವೀರಗಲ್ಲುಗಳೂ ಜೈನರ ನಿಷಿಧಿಗಳೂ ಇದೇ ಸಂಯಮದವು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟವರ ಹೆಸರುಗಳನ್ನು ಏಳನೆಯ ಶತಮಾನದಿಂದಲೇ ಬಂಡೆಯ ನೆತ್ತಿಯ ಮೇಲೆ ನೇರವಾಗಿ ಬರೆದಿದ್ದಾರೆ, ಬೆಟ್ಟವೇ ಅಲ್ಲಿ ಪುಸ್ತಕ. ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ ಕಾಳಿಯೆಂಬ ನಾಯಿಗೂ ಒಂದು ಕಲ್ಲು ನಿಂತಿತು. ಹಂದಿಯೊಡನೆ ಹೋರಾಡಿ ಸತ್ತ ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿಕೊಂಡ ನಾಡಿನಲ್ಲಿ, ಪರರ ಮನೆ ಕಟ್ಟಲು ಹೋಗಿ ಸತ್ತ ಮನುಷ್ಯನ ಹೆಸರು ಐದಾರು ವರ್ಷವೂ ಉಳಿಯದಿರುವುದು ನಮಗೆ ಶೋಭೆಯಲ್ಲ.

ಶೋಕವನ್ನು ಊರೆಲ್ಲ ಒಟ್ಟಾಗಿ ಹೊರುವ ಪದ್ಧತಿಯೂ ನಮ್ಮಲ್ಲಿ ಜೀವಂತವಾಗಿಯೇ ಇದೆ. ಮೊಹರಮ್ಮಿನ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತ, ಒಂದು ಮುಸಲ್ಮಾನರ ಮನೆಯೂ ಇಲ್ಲದ ಹಳ್ಳಿಗಳಲ್ಲಿ ಸಹ, ಕರ್ಬಲದಲ್ಲಿ ಬಿದ್ದವರನ್ನು ಕುರಿತ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡಿ ಕಣ್ಣೀರು ತರುವ ಹಾಡುಗಾರರು ಈ ಸೀಮೆಯಲ್ಲಿದ್ದಾರೆ. ದೂರದ ಮರುಭೂಮಿಯಲ್ಲಿ ಸತ್ತವರನ್ನು ತನ್ನವರೆಂದು ಅತ್ತ ಜನ ತನ್ನ ಓಣಿಯಲ್ಲಿ ಸತ್ತವರಿಗೆ ಅಳಲಾರದೆ? ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರರ ಸನ್ನಿಧಿಗೆ ಎಲ್ಲ ಮತದವರೂ ಬರುತ್ತಾರೆ. ಶಹಾಪುರದ ಚರಬಸವೇಶ್ವರರ ಗದ್ದುಗೆಯೂ ಅಂತೆಯೇ. ಯಾವ ಮತದ ಚಿಹ್ನೆಯನ್ನೂ ಮುಂದೊಡ್ಡದೆ ಎಲ್ಲ ಮತದವರಿಗೂ ತನ್ನದಾಗುವ ಒಂದು ತಾವನ್ನು ಮಾಡುವುದು ಬೇರೆಡೆ ಕಠಿನವಾದೀತು. ಇಲ್ಲಿಯ ಜನಕ್ಕೆ ಅದು ರೂಢಿ.

ಹೊರಗಿನ ಜಗತ್ತಿನಿಂದಲೂ ಒಂದೆರಡು ವಿಷಯವನ್ನು ಅರಿತುಕೊಳ್ಳಬಹುದು. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನ ಹೊರವಲಯದಲ್ಲಿ, ಆಸ್ಪ್ಲುಂಡ್ ಮತ್ತು ಲೆವರೆಂಟ್ಸ್ ಎಂಬ ಇಬ್ಬರು ತರುಣ ವಾಸ್ತುಶಿಲ್ಪಿಗಳು 1915ರ ಸ್ಪರ್ಧೆಯಲ್ಲಿ ಗೆದ್ದು, ಹಳೆಯ ಕಂಕರಿನ ಗಣಿಯಿದ್ದ ಪೈನ್ ಕಾಡಿನಲ್ಲಿ ರಚಿಸಿದ ಸ್ಮಶಾನವನವು 1994ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಒಂದು ದಿಬ್ಬವಿದೆ. ನೆತ್ತಿಯ ಮೇಲೆ ಮರಗಳ ಒಂದು ಆವರಣ. ಆ ದಿಬ್ಬಕ್ಕೆ ಹತ್ತುವ ಮೆಟ್ಟಿಲುಗಳು ಮೇಲೇರಿದಂತೆಲ್ಲ ಎತ್ತರದಲ್ಲಿ ಕಿರಿದಾಗುತ್ತ ಹೋಗುತ್ತವೆ, ದಣಿದು ಬಂದ ಶೋಕಾರ್ತನು ನೆತ್ತಿಯನ್ನು ಮುಟ್ಟುವ ವೇಳೆಗೆ ಉಸಿರು ತಾನಾಗಿ ಹದಕ್ಕೆ ಬರಲೆಂದು. ಅಳುವವನ ಕಾಲಿನ ಮತ್ತು ಉಸಿರಿನ ವಿಚಾರವಾಗಿ ಇಷ್ಟು ಕನಿಕರದಿಂದ ಯೋಚಿಸಿದ ಕಟ್ಟಡವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಮಡಿದವರ ಸ್ಮಾರಕಕ್ಕೆ 1981ರಲ್ಲಿ ನಡೆದ ಸ್ಪರ್ಧೆಯಲ್ಲಿ 1,400ಕ್ಕೂ ಮಿಕ್ಕ ನಕ್ಷೆಗಳ ನಡುವೆ ಆಯ್ಕೆಯಾದುದು ಮಾಯಾ ಲಿನ್ ಎಂಬ 21 ವರ್ಷದ ವಿದ್ಯಾರ್ಥಿನಿಯದು: ಕುದುರೆಯ ಮೇಲಿನ ಸೇನಾಪತಿಯಿಲ್ಲ, ಗೋಪುರವಿಲ್ಲ, ಹುಲ್ಲುನೆಲವನ್ನು ಸೀಳಿ ಇಳಿಯುವ ಒಂದು ಕಪ್ಪುಕಲ್ಲಿನ ಗೋಡೆ, ಅದರ ಮೇಲೆ ಸತ್ತ ಕ್ರಮದಲ್ಲಿಯೇ 58,000ಕ್ಕೂ ಹೆಚ್ಚು ಹೆಸರುಗಳು. ನುಣುಪು ಕಲ್ಲಿನಲ್ಲಿ ಹೆಸರಿನ ಹಿಂದೆ ನೋಡುವವನ ಮುಖವೂ ಕಾಣುತ್ತದೆ. ಜನರು ಬೆರಳಿನಿಂದ ತಮ್ಮವರ ಹೆಸರನ್ನು ಸವರಿ, ಕಾಗದವಿಟ್ಟು ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ಆ ಕಪ್ಪುಕಲ್ಲು ಹೋದುದು ನಮ್ಮ ಬೆಂಗಳೂರಿನಿಂದ. ಲೋಕದ ಅತ್ಯಂತ ಗಂಭೀರವಾದ ಶೋಕಸ್ಥಾನಗಳಲ್ಲೊಂದಕ್ಕೆ ಕಲ್ಲನ್ನು ಕೊಟ್ಟ ನಾಡು ತನ್ನ ಮಕ್ಕಳಿಗಾಗಿ ಒಂದು ಕಲ್ಲನ್ನು ನಿಲ್ಲಿಸಲಾರದೆ?

ನಿಲ್ಲಿಸಬಲ್ಲುದು ಎಂಬುದಕ್ಕೆ ಕುಪ್ಪಳಿಯೇ ಸಾಕ್ಷಿ. 1994ರ ನವೆಂಬರ್ 11ರಂದು ತೀರಿಕೊಂಡ ಕುವೆಂಪು ಅವರ ಅಂತ್ಯಸಂಸ್ಕಾರ ನಡೆದ ಕವಿಶೈಲದಲ್ಲಿ ಕಲಾವಿದ ಕೆ. ಟಿ. ಶಿವಪ್ರಸಾದರು ಮಾಡಿದುದು ಇಷ್ಟೇ: ಒರಟಾದ ಕಲ್ಲುಕಂಬಗಳನ್ನು ನಿಲ್ಲಿಸಿ ಅವುಗಳ ಮೇಲೆ ಅಡ್ಡಗಲ್ಲುಗಳನ್ನಿಟ್ಟು, ಬೃಹತ್ ಶಿಲಾಯುಗದ ನೆನಪನ್ನು ಮಲೆನಾಡಿನ ಕಾಡಿನ ನೆತ್ತಿಗೆ ತಂದರು. ಅಲ್ಲಿಗೆ ಹೋದವರು ಧ್ವನಿಯನ್ನು ತಗ್ಗಿಸಬೇಕೆಂದು ಯಾರೂ ಹೇಳಬೇಕಾಗಿಲ್ಲ. ರಾಜನಕೋಳೂರಿನ ವಿದ್ಯೆ ಸತ್ತಿಲ್ಲ, ಸಹ್ಯಾದ್ರಿಯಲ್ಲಿ ಬದುಕಿದೆ. ಅದು ತವರಿಗೆ ಮರಳಿ ಬರಬೇಕು.

ಹಾಗಾದರೆ ಯಾದಗಿರಿಯ ಸ್ಮರಣೆಯ ತಾವು ಹೇಗಿರಬೇಕು? ಮೊದಲನೆಯದಾಗಿ ಅದು ವಿಭೂತಿಹಳ್ಳಿಯ ಕಲ್ಲುಗಳ ನಡುವೆಯಾಗಲಿ, ರಾಜನಕೋಳೂರಿನ ಮಗ್ಗುಲಿಗಾಗಲಿ ಆಗಕೂಡದು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಕಟ್ಟಡವೇ ಕೂಡದೆಂದೂ ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟಕೂಡದೆಂದೂ ಕಾನೂನಿರುವುದು ವ್ಯರ್ಥವಾಗಿ ಅಲ್ಲ. ಶಹಾಪುರದ ಬೆಟ್ಟಗಳ ಸಾಲು ದೂರದಿಂದ ನೋಡಿದವರಿಗೆ ಮಲಗಿದ ಬುದ್ಧನ ಆಕೃತಿಯಾಗಿ ಕಾಣುವುದಷ್ಟೆ. ಆ ಬೆಟ್ಟದ ಮೇಲೆಯೂ ಏನನ್ನೂ ಮಾಡಬೇಕಾಗಿಲ್ಲ, ಏಕೆಂದರೆ ಪರಿನಿರ್ವಾಣದ ಭಂಗಿಯಲ್ಲಿ ಒರಗಿದ ಆ ಮುಖವನ್ನು ಯಾವ ಶಿಲ್ಪಿಯೂ ತಿದ್ದಲಾರನು, ಪ್ರವಾಸೋದ್ಯಮದ ಹೆಸರಿನಲ್ಲಿ ಅದರ ಹಣೆಗೆ ಸಿಮೆಂಟು ಮೆತ್ತುವುದು ಬುದ್ಧನಿಗೂ ಬೆಟ್ಟಕ್ಕೂ ಅಪಚಾರ. ಆ ಆಕೃತಿ ಪೂರ್ತಿಯಾಗಿ ಕಾಣುವಷ್ಟು ದೂರದಲ್ಲಿ, ಭೀಮರಾಯನಗುಡಿಯ ಆಸುಪಾಸಿನಲ್ಲಿಯೋ ಮತ್ತೆಲ್ಲಿಯೋ, ಸರಕಾರಿ ಗೈರಾಣದ ಮೊರಂ ನೆಲದ ಒಂದು ತುಂಡು ಸಿಕ್ಕಿದರೆ ಸಾಕು. ಎರೆಭೂಮಿ ಬೇಡ; ಬೇಸಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಆ ಮಣ್ಣು ಯಾವ ಕಟ್ಟೆಯನ್ನೂ ನೆಟ್ಟಗೆ ನಿಲ್ಲಗೊಡದು, ಮತ್ತು ಅದು ಜೋಳ, ತೊಗರಿ ಬೆಳೆಯತಕ್ಕ ನೆಲ.

ಅಲ್ಲಿ ಮೊದಲ ಎರಡು ವರ್ಷ ಗಿಡಗಳನ್ನಲ್ಲದೆ ಬೇರೇನನ್ನೂ ನೆಡಬಾರದೆಂದು ನನ್ನ ಮತ. ನಮ್ಮ ಬೇಸಗೆಯ ಬಿಸಿಲು ಎಂತಹುದೆಂಬುದನ್ನು ಬಲ್ಲವರಿಗೆ ನೆರಳೇ ಮೊದಲ ಕಟ್ಟಡವೆಂಬುದನ್ನು ವಿವರಿಸಬೇಕಾಗಿಲ್ಲ. ಬೇವು, ಹುಣಸೆ, ಬನ್ನಿ, ಆಲ, ಇವು ನೀರು ಕಡಮೆಯಾದರೂ ಬದುಕುವ, ಜನಕ್ಕೆ ಪರಿಚಯವಿರುವ ಮರಗಳು; ಹೊರದೇಶದ ಹೂಗಿಡಗಳನ್ನು ತಂದು ಉದ್ಘಾಟನೆಯ ದಿನ ನೀರುಣಿಸಿ ಮರುದಿನ ಒಣಗಿಸುವುದು ಸತ್ತವರ ಹೆಸರಿನಲ್ಲಿ ನಡೆಯಬಾರದು. ಮರಗಳು ಬೇರು ಹಿಡಿದ ಮೇಲೆ ಅವುಗಳ ನಡುವೆ ಒಂದು ಕಾಲುದಾರಿ, ಬದಿಗೆ ಹಳ್ಳಿಯ ಅಗಸೆಯ ಕಟ್ಟೆಯಷ್ಟೇ ಎತ್ತರದ ಕಲ್ಲುಕಟ್ಟೆಗಳು. ನೆಲಕ್ಕೆ ನಮ್ಮ ಶಹಾಬಾದಿನ ಫರಸಿ, ನಿಲ್ಲುವುದಕ್ಕೆ ನಮ್ಮ ಗುಡ್ಡಗಳ ಕಲ್ಲು, ಕೆಲಸಕ್ಕೆ ಪೀಳಿಗೆಗಳಿಂದ ಕಲ್ಲನ್ನು ಬಲ್ಲ ಈ ಜಿಲ್ಲೆಯ ಭೋವಿ ಜನರು. ಮುದುಕರೂ ಅಂಗವಿಕಲರೂ ಬರುವುದರಿಂದ ದಾರಿ ಇಳಿಜಾರಾಗಿರಬೇಕು. ಮೆಟ್ಟಿಲು ಬೇಕಾದಲ್ಲಿ ಸ್ಟಾಕ್‌ಹೋಮಿನ ಆ ಕನಿಕರವನ್ನು ನೆನೆಯಬೇಕು. ಒಂದೆಡೆ ನೀರು ಬೇಕು. ಕಾರಂಜಿ ಬೇಡ, ಕೈಕಾಲು ತೊಳೆದುಕೊಳ್ಳುವುದಕ್ಕೂ ಹಾಲು ತುಪ್ಪ ಬಿಟ್ಟ ಮೇಲೆ ಮೀಯುವುದಕ್ಕೂ ಒದಗುವ, ಮಳೆನೀರು ನಿಲ್ಲುವ ಸಣ್ಣ ಹೊಂಡ.

ಹೆಸರುಗಳು ಕಲ್ಲಿನಲ್ಲಿ ಇರಲೇಬೇಕು. ಅಕ್ಷರ ಬಾರದ ತಾಯಿ ಬೆರಳಿನಿಂದ ಸವರಿ ಇದೇ ನನ್ನ ಮಗನ ಹೆಸರು ಎಂದು ಗುರುತಿಸಬಲ್ಲಷ್ಟು ಆಳವಾಗಿಯೂ ಕೈಗೆ ಎಟಕುವಷ್ಟು ತಗ್ಗಾಗಿಯೂ ಇರಬೇಕು. ಹುದ್ದೆಯಿಲ್ಲದೆ, ಜಾತಿಯ ಗುರುತಿಲ್ಲದೆ, ಊರಿನ ಹೆಸರಿನೊಡನೆ ಮಾತ್ರ. ಶಂಕುಸ್ಥಾಪನೆ ಮಾಡಿದವರ, ಅಧ್ಯಕ್ಷತೆ ವಹಿಸಿದವರ, ಘನ ಉಪಸ್ಥಿತಿಯವರ ಹೆಸರಿನ ಫಲಕ ಆ ಬೇಲಿಯೊಳಗೆ ಎಲ್ಲಿಯೂ ಬರಕೂಡದು; ಸತ್ತವರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬದುಕಿದವರ ಹೆಸರನ್ನು ಬರೆದ ಕಲ್ಲುಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಸ್ಮಶಾನಕ್ಕೆ ಹೆಣ್ಣುಮಕ್ಕಳು ಹೋಗಬಾರದೆಂಬ ನಿರ್ಬಂಧ ನಮ್ಮ ಹಲವು ಮನೆಗಳಲ್ಲಿ ಇನ್ನೂ ಇದೆ. ಈ ತಾವು ಅವರದ್ದೇ ಆಗಬೇಕು, ಹೊತ್ತು ಮುಳುಗುವವರೆಗೂ ಅಂಜಿಕೆಯಿಲ್ಲದೆ ಕುಳಿತು ಅತ್ತು ಹಗುರಾಗಿ ಹೋಗುವಂತಿರಬೇಕು. ಟಿಕೆಟ್ಟು, ಗೇಟು, ಧ್ವನಿವರ್ಧಕ, ಬಣ್ಣದ ದೀಪ, ಇವೊಂದೂ ಬೇಡ.

ಬದುಕಿದವರಿಗೇ ಆಸ್ಪತ್ರೆಯಲ್ಲಿ ಹಾಸಿಗೆ ಸಾಲದಿರುವಾಗ, ಎಷ್ಟೋ ಹಳ್ಳಿಗಳಲ್ಲಿ ಹೆಣ ಹುಗಿಯಲು ಸ್ಮಶಾನಭೂಮಿಯೇ ಇಲ್ಲದಿರುವಾಗ ಇದು ಬೇಕೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ದಲಿತರ ಶವವನ್ನು ಹೊಲದ ದಾರಿಯಲ್ಲಿ ತಡೆಯುವ, ಹಳ್ಳದ ದಂಡೆಯಲ್ಲಿ ಮಳೆಗಾಲದಲ್ಲಿ ಹೆಣ ಹುಗಿಯಬೇಕಾದ ಸ್ಥಿತಿ ಇರುವ ತನಕ ಸ್ಮಾರಕದ ಮಾತು ಪೊಳ್ಳಾಗಿ ಕೇಳಿಸುವುದು ಸಹಜ. ಪ್ರತಿ ಗ್ರಾಮಕ್ಕೂ ಸ್ಮಶಾನ ಭೂಮಿ ಒದಗಿಸಬೇಕೆಂಬ ಹೊಣೆ ಸರಕಾರದ ಮೇಲೆ ಇದ್ದೇ ಇದೆ, ಅದು ಮೊದಲು ಈಡೇರಬೇಕು. ಆದರೆ ಸಾವಿಗೆ ಮರ್ಯಾದೆ ಕೊಡಲು ಕಲಿತ ಸಮಾಜವೇ ಸ್ಮಶಾನಕ್ಕೂ ನೆಲ ಕೊಡುತ್ತದೆ, ಆಸ್ಪತ್ರೆಗೂ ಹಾಸಿಗೆ ಕೇಳುತ್ತದೆ. ಮರೆತ ಸಮಾಜ ಎರಡನ್ನೂ ಕೇಳದು. 2021ರಲ್ಲಿ ಉಸಿರಿಗಾಗಿ ತಡಕಾಡಿದವರ ಹೆಸರುಗಳು ಕಣ್ಣೆದುರು ಕಲ್ಲಿನಲ್ಲಿ ಇರುವ ಊರಿನಲ್ಲಿ, ಆಮ್ಲಜನಕದ ಘಟಕ ಕೆಟ್ಟು ನಿಂತರೆ ಪ್ರಶ್ನಿಸುವವರು ಹುಟ್ಟುತ್ತಾರೆ. ಖರ್ಚಿನ ವಿಚಾರಕ್ಕೆ ಬಂದರೆ, ನಾನು ಹೇಳಿದುದರಲ್ಲಿ ಮರ, ಮಣ್ಣು, ಕಲ್ಲು, ದುಡಿಮೆ ಇವುಗಳ ಹೊರತು ಬೇರೇನೂ ಇಲ್ಲ. ಒಂದು ಪ್ರತಿಮೆಗೂ ಅದರ ಮಂಟಪಕ್ಕೂ ತಗಲುವ ಹಣದಲ್ಲಿ ಒಂದು ಸಣ್ಣ ಭಾಗ ಸಾಕಾದೀತು, ಉಳಿದುದನ್ನು ಗಿಡಗಳಿಗೆ ನೀರು ಹಾಕುವ ಇಬ್ಬರ ಸಂಬಳಕ್ಕೆ ಮೀಸಲಿಡಬೇಕು.

ಇದೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ, ಅದಕ್ಕೆ ನಕ್ಷೆಯೂ ಬೇಡ, ಟೆಂಡರೂ ಬೇಡ. ಯಾದಗಿರಿ, ಶಹಾಪುರ, ಸುರಪುರ, ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ, ನಗರದ ವಾರ್ಡುಗಳಲ್ಲಿಯೂ ಒಂದು ದಪ್ಪನೆಯ ಪುಸ್ತಕವನ್ನು ತೆರೆದಿಟ್ಟು, ಆ ಎರಡು ವರ್ಷಗಳಲ್ಲಿ ಈ ರೋಗದಿಂದಲೋ, ಊರಿಗೆ ಮರಳುವ ದಾರಿಯಲ್ಲಿಯೋ, ಆಸ್ಪತ್ರೆಯ ಬಾಗಿಲಲ್ಲಿಯೋ ತೀರಿಕೊಂಡ ತಮ್ಮವರ ಹೆಸರನ್ನು ಮನೆಯವರೇ ಬಂದು ಬರೆಸುವಂತೆ ಮಾಡಬೇಕು. ಸರಕಾರದ ಲೆಕ್ಕದಲ್ಲಿ ಸೇರಿದವರನ್ನೂ ಸೇರದವರನ್ನೂ ಬೇರ್ಪಡಿಸದೆ ಬರೆದುಕೊಳ್ಳಬೇಕು. ಬರೆಸಲು ಬಂದವರನ್ನು ಬಿಸಿಲಲ್ಲಿ ನಿಲ್ಲಿಸದೆ ಕುಳ್ಳಿರಿಸಿ, ಅವರು ಹೇಳುವಷ್ಟನ್ನೂ ಕೇಳಿಸಿಕೊಳ್ಳಬೇಕು. ನೆಲವೆಲ್ಲಿ, ಕಲ್ಲೆಷ್ಟು ಎಂಬುದನ್ನು ಆ ಮನೆಗಳವರನ್ನೇ ಕರೆದು ಕೇಳಿ ಆಮೇಲೆ ನಿರ್ಧರಿಸಬಹುದು. ಈ ಪುಸ್ತಕಗಳನ್ನು ಬರುವ ಪಿತೃಪಕ್ಷದೊಳಗೆ ತೆರೆಯಬೇಕೆಂದು ಜಿಲ್ಲಾಡಳಿತವನ್ನೂ, ತಮ್ಮವರ ಹೆಸರನ್ನು ಬರೆಸಲು ಸಂಕೋಚಪಡದೆ ಮುಂದೆ ಬರಬೇಕೆಂದು ಆ ಮನೆಗಳವರನ್ನೂ ಬೇಡಿಕೊಳ್ಳುತ್ತೇನೆ.